ಅಳತೆ ಪುಸ್ತಕದ ಬಲಪುಟ: ಕುಕನೂರು ಸೀಮೆಯಲ್ಲಿ ನಾಲ್ಕು ದಿನ

ಮೊದಲ ದಿನ, ಭಾನುವಾರ

ಹೊಸಪೇಟೆ ಬಿಟ್ಟ ಹಂಪಿ ಎಕ್ಸ್‌ಪ್ರೆಸ್ ತುಂಗಭದ್ರೆಯ ಸೇತುವೆಯ ಮೇಲೆ ಬಂದಾಗ ಎದುರು ಸೀಟಿನ ಅಜ್ಜಿ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಒಂದು ನಾಣ್ಯವನ್ನು ಹೊಳೆಗೆ ಬಿಟ್ಟರು. "ತಾಯೀ, ಈ ವರ್ಷ ಕೈಬಿಡಬೇಡ" ಎಂದು ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡರು. ಗಂಗಾವತಿ ಕಡೆಯ ಭತ್ತದ ಮನೆತನ ಅವರದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಮನೆಯ ಗಂಡಸರೆಲ್ಲ ಮೊಬೈಲ್ ಹಿಡಿದು ಬೆಳಗಿನವರೆಗೆ ಕೂತಿದ್ದರಂತೆ. ನಾನು ಹೊರಟಿದ್ದದ್ದು ಅದೇ ಕೊಪ್ಪಳ ಜಿಲ್ಲೆಯ ಇನ್ನೊಂದು ಮೈಗೆ, ನಾಲೆಯ ನೀರು ಕಾಣದ ಎರೆಭೂಮಿಗೆ.

ಧಾರವಾಡದ ಹಾಸ್ಟೆಲ್ಲಿನಲ್ಲಿ ನನ್ನ ಜೊತೆಗಿದ್ದ ಗೆಳತಿಯ ಅಕ್ಕ ಆಗ ಕುಕನೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿದ್ದರು. "ರಾಜಕೀಯದ ಬಗ್ಗೆ ಇಷ್ಟು ಮಾತನಾಡುತ್ತೀಯಲ್ಲ, ಒಮ್ಮೆ ನಮ್ಮ ಅಕ್ಕನ ಹಿಂದೆ ನಾಲ್ಕು ದಿನ ತಿರುಗಿ ಬಾ" ಎಂದು ಗೆಳತಿ ಎರಡು ವರ್ಷದಿಂದ ಹೇಳುತ್ತಿದ್ದಳು. 2025ರ ಏಪ್ರಿಲ್ ಕೊನೆಯ ವಾರ, ಬಸವ ಜಯಂತಿಯ ಮುಂಚಿನ ದಿನಗಳಲ್ಲಿ ಅದು ಕೂಡಿಬಂತು. ಊರಿನ ಹೆಸರನ್ನೂ ಅಕ್ಕನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಮುಂದೆ ಬರುವ ಸಂಗತಿ ಒಬ್ಬ ಹುಡುಗಿಗೆ ಸಂಬಂಧಪಟ್ಟದ್ದು.

ಕೊಪ್ಪಳದ ಬಸ್ ನಿಲ್ದಾಣದ ಬಳಿ ಮಂಡಾಳು (ಮಂಡಕ್ಕಿ) ಒಗ್ಗರಣೆ ಮತ್ತು ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ತಿಂದೆ. ಈ ಸೀಮೆಗೆ ಬೆಳಿಗ್ಗೆ ಬಂದಿಳಿದವರು ಇಡ್ಲಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಪುಟಾಣಿ ಹಿಟ್ಟು ಉದುರಿಸಿದ ಈ ಒಗ್ಗರಣೆ ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿಯುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಗುರುತಿನ ಚೀಟಿ ಕೇಳಿದಾಗ ನನ್ನ ಮೊಬೈಲ್ ಸತ್ತುಹೋಗಿತ್ತು. ಆಧಾರ್ ಇದ್ದದ್ದು ಅದರೊಳಗೇ. ಸುತ್ತಲಿನ ಹೆಂಗಸರೆಲ್ಲ ಸೆರಗಿನ ಗಂಟಿನಿಂದ, ಕುಬಸದ ಒಳಗಿನಿಂದ ಕಾರ್ಡು ತೆಗೆದು ತೋರಿಸಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಪಡೆದರು. ನಾನು ಹಣ ಕೊಟ್ಟೆ. ಪಕ್ಕದಾಕೆ, "ಕಾರ್ಡನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು ತಂಗೀ, ಫೋನನ್ನು ನಂಬಬಾರದು" ಎಂದರು. ಆ ಮಾತನ್ನು ಮುಂದಿನ ಎಲ್ಲ ಪ್ರಯಾಣಗಳಿಗೂ ಎತ್ತಿಟ್ಟುಕೊಂಡಿದ್ದೇನೆ.

ಭಾನಾಪುರದಲ್ಲಿ ಬಸ್ಸು ಗದಗದ ಹೆದ್ದಾರಿಯನ್ನು ಬಿಟ್ಟು ಕುಕನೂರಿನ ಕಡೆ ಹೊರಳಿತು. ಎರಡೂ ಕಡೆ ಎರೆಭೂಮಿ, ಜೋಳ ಕಡಲೆ ಕಿತ್ತು ಖಾಲಿಯಾದ ಹೊಲ, ಅಂಗೈ ಹೋಗುವಷ್ಟು ಬಾಯ್ಬಿಟ್ಟ ಬಿರುಕು. ದೂರದಲ್ಲಿ ಗಾಳಿಯಂತ್ರಗಳ ರೆಕ್ಕೆ ಒಂದಿಷ್ಟೂ ಅವಸರವಿಲ್ಲದೆ ತಿರುಗುತ್ತಿದ್ದವು. ತೀರ್ಥಹಳ್ಳಿಯ ಕಡೆ ಹುಟ್ಟಿ ಬೆಳೆದ ನನಗೆ ಇಷ್ಟು ದೊಡ್ಡ ಆಕಾಶ ಅಭ್ಯಾಸವಿಲ್ಲ. ಕ್ರಾಸಿನಲ್ಲಿ ಇಳಿದಾಗ ಹನ್ನೆರಡು ಗಂಟೆ. ಊರು ಎರಡು ಕಿಲೋಮೀಟರ್ ಒಳಗೆ. ಆ ಹೊತ್ತಿನಲ್ಲಿ ಆಟೊ ಇರುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಬೇವಿನ ಮರದಿಂದ ಬೇವಿನ ಮರಕ್ಕೆ ನಿಂತು ನಿಂತು ನಡೆಯುತ್ತಿದ್ದಾಗ ಹಿಂದಿನಿಂದ ಬಂದ ಬೈಕಿನ ಕಾಕಾ ನಿಲ್ಲಿಸಿದರು. ಅಧ್ಯಕ್ಷರ ಮನೆ ಎಂದೆ. "ಕುಬಸ ಹೊಲಿಯುವ ಅಕ್ಕನ ಮನೆಯೇ? ಹತ್ತಿರಿ" ಎಂದರು.

ಇಲ್ಲಿ ರವಿಕೆಗೆ ಕುಬಸ ಎನ್ನುತ್ತಾರೆ. ಅಕ್ಕನ ಪಡಸಾಲೆಯಲ್ಲಿ, ಬಾಗಿಲಿನ ಬೆಳಕು ಬೀಳುವ ಕಡೆ, ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರವಿದೆ. 2020ರ ಡಿಸೆಂಬರಿನ ಪಂಚಾಯಿತಿ ಚುನಾವಣೆಯಲ್ಲಿ ಅವರಿಗೆ ಸಿಕ್ಕ ಚಿಹ್ನೆಯೂ ಹೊಲಿಗೆ ಯಂತ್ರ. ಗ್ರಾಮ ಪಂಚಾಯಿತಿಯ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಗೆದ್ದ ಸದಸ್ಯರೆಲ್ಲ ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ, ಅವಧಿ ಮೂವತ್ತು ತಿಂಗಳು. ಅಕ್ಕನದು ಆಗ ಎರಡನೆಯ ಅವಧಿ. ತಿಂಗಳಿಗೆ 6,000 ರೂಪಾಯಿ ಗೌರವಧನ ಬರುತ್ತಿತ್ತು. "ಅದರಲ್ಲಿ ಮನೆ ನಡೆಯುವುದಿಲ್ಲ, ಈ ಯಂತ್ರದಲ್ಲಿ ನಡೆಯುತ್ತದೆ" ಎಂದು ಅಕ್ಕ ಚಕ್ರದ ಮೇಲೆ ಕೈಯಿಟ್ಟರು. ಭಾವ ಹಿಟ್ಟಿನ ಗಿರಣಿ ನಡೆಸುತ್ತಾರೆ. ಮೊದಲ ಕೆಲವು ಸಭೆಗಳಿಗೆ ಭಾವನೂ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದರಂತೆ. ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ಅಕ್ಕ, "ನಾನು ಬಂದು ನಿಮ್ಮ ಗಿರಣಿಯಲ್ಲಿ ಕೂತರೆ ಹಿಟ್ಟು ನುಣ್ಣಗಾಗುತ್ತದೆಯೇ?" ಎಂದು ಕೇಳಿದ್ದಾರೆ. ಮರುದಿನದಿಂದ ಭಾವ ಗಿರಣಿ ಬಿಟ್ಟು ಏಳಲಿಲ್ಲ. ಇದನ್ನು ನನಗೆ ಹೇಳಿದವರು ಭಾವನೇ, ಅಭಿಮಾನದಿಂದ.

ಬಿಸಿಲು ಇಳಿದ ಮೇಲೆ ಒಬ್ಬೊಬ್ಬರಾಗಿ ಹೆಂಗಸರು ಬರತೊಡಗಿದರು. ಪ್ರತಿಯೊಬ್ಬರ ಕೈಯಲ್ಲೂ ಬಟ್ಟೆಯ ಚೀಲ. ಚೀಲದಿಂದ ಮೊದಲು ಕುಬಸದ ಬಟ್ಟೆ, ಅಳತೆಗೆ ಹಳೆಯ ಕುಬಸ. ಆಮೇಲೆ, ಇನ್ನೇನು ಎದ್ದು ಹೊರಡುವಾಗ, ಅದೇ ಚೀಲದ ತಳದಿಂದ ಮಡಚಿ ಮಡಚಿ ಅಂಚು ಹರಿದ ಒಂದು ಕಾಗದ. ವಿಧವಾ ವೇತನ ಮೂರು ತಿಂಗಳಿಂದ ನಿಂತಿದೆ. ಪಡಿತರ ಚೀಟಿಯಲ್ಲಿ ಸೊಸೆಯ ಹೆಸರು ಸೇರಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬೇರೆ ಯಾವುದೋ ಖಾತೆಗೆ ಬೀಳುತ್ತಿದೆ. ಅಕ್ಕ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದಾರೆ. ಎಡಪುಟದಲ್ಲಿ ಎದೆ, ಸೊಂಟ, ತೋಳು, ಉದ್ದ ಎಂದು ಇಂಚಿನ ಲೆಕ್ಕ. ಬಲಪುಟದಲ್ಲಿ ಆ ಮನೆಯ ಅಹವಾಲು, ಕೊಟ್ಟ ದಿನ, ಯಾವ ಕಚೇರಿ. ಆದ ಕೆಲಸದ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಒಂದು ಗೀಟು. ಪುಟ ತಿರುಗಿಸಿದಾಗ ನನ್ನ ಬೆರಳಿಗೂ ನೀಲಿ ಹತ್ತಿತು.

"ಇವರಲ್ಲಿ ಅರ್ಧ ಜನ ಪಂಚಾಯಿತಿಯ ಮೆಟ್ಟಿಲು ಹತ್ತಿದವರಲ್ಲ. ಅಲ್ಲಿ ಗಂಡಸರು ಕೂತಿರುತ್ತಾರೆ. ಕುಬಸ ಹೊಲಿಸುವುದಕ್ಕೆ ಹೋಗುತ್ತೇನೆ ಎಂದರೆ ಯಾವ ಅತ್ತೆಯೂ ತಡೆಯುವುದಿಲ್ಲ" ಎಂದರು ಅಕ್ಕ.

ಕತ್ತಲಾದ ಮೇಲೆ ಕೊನೆಗೆ ಬಂದಾಕೆ ಕಾಗದ ತಂದಿರಲಿಲ್ಲ. ಕೆಂಪು ಅಂಚಿನ ಹಸಿರು ಖಣ, ಒಂದು ಅಳತೆ ಕುಬಸ ಕೊಟ್ಟು, ಗದಗದ ಕಡೆ ಕೊಟ್ಟಿರುವ ಹಿರಿಯ ಮಗಳಿಗೆ, ಬುಧವಾರದೊಳಗೆ ಬೇಕು ಎಂದು ನಿಂತೇ ಹೇಳಿ ಹೋದಳು. ಅಕ್ಕ ಚಹಾ ಕುಡಿದು ಹೋಗು ಎಂದದ್ದು ಅವಳಿಗೆ ಕೇಳಿಸಲಿಲ್ಲ.

ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಮಲಗಿದ್ದು ಮಣ್ಣಿನ ಮಾಳಿಗೆಯ ಮೇಲೆ. ಹನ್ನೊಂದರವರೆಗೂ ಮೇಲ್ಮುದ್ದೆಯ ಕಾವು ಬೆನ್ನಿಗೆ ತಾಗುತ್ತಿತ್ತು. ಆಮೇಲೆ ಪಡುವಣ ಗಾಳಿ ಎದ್ದಿತು.

ಎರಡನೆಯ ದಿನ, ಸೋಮವಾರ

ಐದು ಗಂಟೆಗೆ ಅಕ್ಕ ಎಬ್ಬಿಸಿದರು. "ಇವತ್ತು ಕೆಳಗಿನ ಓಣಿಗೆ ನೀರಿನ ಪಾಳಿ, ಬರುತ್ತೀಯಾ?"

ನಾಲ್ಕು ದಿನಕ್ಕೊಮ್ಮೆ ಒಂದೊಂದು ಓಣಿಗೆ ನೀರು. ಜಲಜೀವನ್ ಮಿಷನ್ನಿನ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಪೈಪು ಬಂದಿದೆ, ನಲ್ಲಿ ಬಂದಿದೆ, ಬೇಸಿಗೆಯಲ್ಲಿ ಬೋರ್‌ವೆಲ್ ಸೊರಗುತ್ತದೆ. ಕೆಳಗಿನ ಓಣಿ ಹೆಸರಿಗೆ ಕೆಳಗಿನದು, ನೆಲ ಮಾತ್ರ ಎತ್ತರ. ಮೊದಲ ಮನೆಗಳವರು ಮೋಟಾರು ಹಚ್ಚಿ ಎಳೆದುಕೊಂಡರೆ ಕೊನೆಯ ಹನ್ನೆರಡು ಮನೆಗಳಿಗೆ ನಲ್ಲಿಯಲ್ಲಿ ಬರಿ ಗಾಳಿಯ ಸದ್ದು. ಆ ಹನ್ನೆರಡು ಮನೆಗಳು ದಲಿತರವು. ಹಿಂದಿನಿಂದಲೂ ಹೀಗೆಯೇ ಎಂದು ಊರು ಒಪ್ಪಿಕೊಂಡಿದ್ದ ಸಂಗತಿಯನ್ನು ಅಕ್ಕ ಒಪ್ಪಿಕೊಂಡಿಲ್ಲ. ಪಾಳಿಯ ದಿನ ಕೊನೆಯ ಮನೆಯ ನಲ್ಲಿಯ ಮುಂದೆ ಅವರೇ ಹೋಗಿ ನಿಲ್ಲುತ್ತಾರೆ. ವಾಟರ್‌ಮನ್‌ಗೆ ಫೋನು: "ಅಣ್ಣಾ, ಮೇಲಿನ ವಾಲ್ವು ಇನ್ನೆರಡು ಸುತ್ತು ಬಿಗಿ ಮಾಡು." ಅತ್ತ ಒಬ್ಬೊಬ್ಬರೇ ಮೋಟಾರು ತೆಗೆಯುವುದು ಸದ್ದಿನಲ್ಲೇ ಗೊತ್ತಾಗುತ್ತದೆ. ಇಪ್ಪತ್ತು ನಿಮಿಷವಾದ ಮೇಲೆ ನಲ್ಲಿ ಕೆಮ್ಮಿತು, ಕಂದು ನೀರು ಉಗುಳಿತು, ಆಮೇಲೆ ಬೆರಳು ಗಾತ್ರದ ತಿಳಿನೀರು ಬಂತು. ಕೊನೆಯ ಕೊಡ ತುಂಬುವವರೆಗೂ ಅಕ್ಕ ಅಲುಗಲಿಲ್ಲ. ನಲ್ಲಿಯ ಒಡತಿ ನನ್ನ ಕಡೆ ತಿರುಗಿ, "ಇವರು ಏನೂ ಮಾತನಾಡುವುದಿಲ್ಲ ನೋಡಿ, ಬಂದು ನಿಲ್ಲುತ್ತಾರೆ" ಎಂದಳು. ಈ ಸೀಮೆಯಲ್ಲಿ ಒಬ್ಬ ಜನಪ್ರತಿನಿಧಿಯನ್ನು ಹೊಗಳಲು ಇದಕ್ಕಿಂತ ದೊಡ್ಡ ಮಾತಿಲ್ಲ ಎಂಬುದು ಆ ನಾಲ್ಕು ದಿನಗಳಲ್ಲಿ ನನಗೆ ಮನವರಿಕೆಯಾಯಿತು.

ಈ ನೀರು ಬಳಕೆಗೆ. ಕುಡಿಯಲು ಶುದ್ಧೀಕರಣ ಘಟಕದಿಂದ ಕ್ಯಾನಿನಲ್ಲಿ ತರಬೇಕು. ಭೂಮಿಯೊಳಗಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನಲವತ್ತು ದಾಟಿದ ಹಲವರು ನಕ್ಕಾಗ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟೆ ಕಾಣುತ್ತದೆ. ಹೊರಗಿನಿಂದ ಬರುವವರು ಯಾವ ಕೊಡದ ನೀರು ಎಂದು ಕೇಳಿಯೇ ಕುಡಿಯಬೇಕು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಪಂಚಾಯಿತಿಯಲ್ಲಿ ಅಕ್ಕ ಒಂದು ಗಂಟೆ ಕೂತಿದ್ದು ಸಹಿ ಹಾಕಿದರು, ಆಸ್ತಿ ದಾಖಲೆಯ ಇ-ಸ್ವತ್ತು ನಮೂನೆಗಾಗಿ ಅಲೆಯುತ್ತಿದ್ದ ಒಬ್ಬ ರೈತನನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರು ಕೂರಿಸಿದರು. ಆಮೇಲೆ ಕೆರೆಗೆ.

ಕೆರೆಯ ಹೂಳೆತ್ತುವ ಕೆಲಸ ಉದ್ಯೋಗ ಖಾತ್ರಿಯಲ್ಲಿ ನಡೆದಿತ್ತು. ಆ ತಿಂಗಳಿನಿಂದ ದಿನದ ಕೂಲಿ 349ರಿಂದ 370 ರೂಪಾಯಿಗೆ ಏರಿತ್ತು. ಹೆಂಗಸರೇ ಹೆಚ್ಚು. ಗುದ್ದಲಿ ಹಿಡಿದವರು ಮುಂದೆ, ಬುಟ್ಟಿ ಹೊರುವವರ ಸಾಲು ಏರಿಯವರೆಗೆ. ದಿನಕ್ಕೆ ಎರಡು ಸಲ ಮೊಬೈಲ್ ಆ್ಯಪಿನಲ್ಲಿ ಕೂಲಿಕಾರರ ಫೋಟೊ ತೆಗೆದು ಹಾಜರಿ ಏರಿಸಬೇಕು. ಕೆರೆಯಂಗಳದಲ್ಲಿ ನೆಟ್‌ವರ್ಕ್ ಇಲ್ಲ. ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ಕಾಯಕ ಬಂಧುವಾಗಿದ್ದ ಹುಡುಗಿ ಫೋಟೊ ತೆಗೆದು ಏರಿಯ ಮೇಲೆ ಓಡಿ, ಫೋನನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಳು. ಕೆಳಗೆ ನಲವತ್ತು ಜನ ಬುಟ್ಟಿ ಇಳಿಸಿ ಅವಳನ್ನೇ ನೋಡುತ್ತಿದ್ದರು. ಫೋಟೊ ಏರದಿದ್ದರೆ ಆ ದಿನದ ಕೂಲಿ ಇಲ್ಲ. ಬೆಳಗಿನಿಂದ ಹೊತ್ತ ಮಣ್ಣು ಕಣ್ಣೆದುರಿಗೇ ರಾಶಿಯಾಗಿ ಬಿದ್ದಿರುವಾಗ, ಕೂಲಿ ನಿಲ್ಲುವುದು ಒಂದು ಸಿಗ್ನಲ್ಲಿನ ಮೇಲೆ ಎಂಬುದನ್ನು ಕಂಡು ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಏರಿದಾಗ ಹುಡುಗಿ ಕೈ ಬೀಸಿದಳು, ಬುಟ್ಟಿಗಳು ಮತ್ತೆ ತಲೆಗೇರಿದವು.

ನಾನು ಹತ್ತಿರದಿಂದ ನೋಡುವ ಆಸೆಗೆ ಕೆರೆಯ ನಡುವಿಗೆ ಇಳಿದೆ. ಮೇಲೆ ಒಣಗಿ ಗಟ್ಟಿಯಾಗಿ ಕಾಣುವ ಹೂಳು ಒಳಗೆ ಹಸಿ. ಮೊಣಕಾಲಿನವರೆಗೆ ಕಾಲು ಇಳಿಯಿತು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಒಬ್ಬ ಮುದುಕಿ ಗುದ್ದಲಿ ಹಾಕಿ ಅದನ್ನು ಎತ್ತಿಕೊಟ್ಟು, ತನ್ನ ಕುಡಿಯುವ ನೀರಿನಲ್ಲೇ ನನ್ನ ಕಾಲಿನ ಗೀರನ್ನು ತೊಳೆದಳು. ಬೇಡವೆಂದರೂ ಕೇಳಲಿಲ್ಲ. ನಂತರ ಎಲ್ಲರ ನಡುವೆ ಕೂರಿಸಿ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಕೊಟ್ಟರು, ಕಡಿದುಕೊಳ್ಳಲು ಹಸಿ ಈರುಳ್ಳಿ. ಬೇವಿನ ನೆರಳಿನಲ್ಲಿ ಕುಡಿದ ಆ ಅಂಬಲಿಯ ತಂಪು ಈಗಲೂ ನಾಲಿಗೆಯ ಮೇಲಿದೆ.

ಊಟದ ಹೊತ್ತಿನಲ್ಲಿ ಮಾತು ಗುಳೆಯ ಕಡೆ ಹೊರಳಿತು. ಖಾತ್ರಿ ಕೆಲಸ ಆಗ ವರ್ಷಕ್ಕೆ ನೂರು ದಿನ. ಉಳಿದ ದಿನಗಳಿಗೆ ಬೆಂಗಳೂರಿನ ಕಟ್ಟಡ, ಮಂಗಳೂರಿನ ಮೀನಿನ ಕೆಲಸ. "ನಾವು ಹೋಗಬಹುದು, ಬೆಳೆದ ಹೆಣ್ಣುಮಕ್ಕಳನ್ನು ತಗಡಿನ ಶೆಡ್ಡಿಗೆ ಹೇಗೆ ಕರೆದುಕೊಂಡು ಹೋಗುವುದು?" ಎಂದು ಒಬ್ಬಾಕೆ ಕೇಳಿದಳು. ಅಕ್ಕ ಉತ್ತರ ಕೊಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದರು.

ಸಂಜೆ ಒಂದು ಸಾವಿನ ಮನೆ. ಚುನಾವಣೆಯಲ್ಲಿ ಅಕ್ಕನ ಎದುರು ನಿಂತವರ ಮನೆ ಅದು. ಅಕ್ಕ ಹೆಂಗಸರ ಸಾಲಿನಲ್ಲಿ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದು, ಅರ್ಧ ಗಂಟೆಯಾದ ಮೇಲೆ ಎದ್ದರು.

ರಾತ್ರಿ ಊಟವಾದ ಮೇಲೆ ಹಸಿರು ಖಣ ಕತ್ತರಿಸಲು ಕೂತರು. ಅಳತೆ ಕುಬಸವನ್ನು ಹರಡಿ ಟೇಪು ಹಿಡಿದವರು ಹಾಗೆಯೇ ನಿಂತರು. ಹಿರಿಯ ಮಗಳ ಅಳತೆ ಅವರ ಪುಸ್ತಕದಲ್ಲಿ ಇತ್ತು, ಹೋದ ವರ್ಷ ಅವಳ ಕುಬಸದ ಕಾರ್ಯಕ್ಕೆ, ಎಂದರೆ ಸೀಮಂತಕ್ಕೆ, ಅಕ್ಕನೇ ಹೊಲಿದದ್ದು. ಇದು ಅದಲ್ಲ. ಪುಟಗಳನ್ನು ಹಿಂದಕ್ಕೆ ತಿರುವುತ್ತಾ ಹೋದರು. ಜೂನ್ ತಿಂಗಳ ಪುಟದಲ್ಲಿ ಬೆರಳು ನಿಂತಿತು. ಶಾಲೆಯಿಂದ ಕೊಟ್ಟ ಸಮವಸ್ತ್ರದ ಬಟ್ಟೆ, ಹತ್ತನೆಯ ತರಗತಿ, ಅದೇ ಮನೆಯ ಕಿರಿಯ ಮಗಳು. ಎದೆಗೆ ಒಂದು ಇಂಚು ಹೆಚ್ಚಾಗಿತ್ತು. ತೋಳು, ಹೆಗಲು, ಎಡಭುಜ ಸ್ವಲ್ಪ ಇಳಿದಿರುವುದು, ಎಲ್ಲ ಹೊಂದಿದವು.

"ಬುಧವಾರ ಅಕ್ಷಯ ತೃತೀಯ" ಎಂದಷ್ಟೇ ಹೇಳಿ ಅಕ್ಕ ಕತ್ತರಿಯನ್ನು ಡಬ್ಬಿಗೆ ಹಾಕಿದರು.

ಮೂರನೆಯ ದಿನ, ಮಂಗಳವಾರ

ಬೆಳಿಗ್ಗೆ ಅಕ್ಕನಿಗೆ ಕುಕನೂರಿನ ತಾಲ್ಲೂಕು ಪಂಚಾಯಿತಿಯಲ್ಲಿ ಕೆಲಸವಿತ್ತು. "ನೀನು ಇಟಗಿ ನೋಡಿಕೊಂಡು ಬಾ, ಮಧ್ಯಾಹ್ನದ ಹೊತ್ತಿಗೆ ನಾನು ಕೆಲವರ ಜೊತೆ ಮಾತನಾಡಿರುತ್ತೇನೆ" ಎಂದು ಕಳುಹಿಸಿದರು.

ಇಟಗಿಯ ಮಹಾದೇವ ದೇವಾಲಯವನ್ನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಎಂಟು ಗಂಟೆಗೆ ತಲುಪಿದ್ದರಿಂದ ಕಲ್ಲು ಇನ್ನೂ ಕಾಯ್ದಿರಲಿಲ್ಲ. ಹತ್ತರ ಮೇಲೆ ಬರಿಗಾಲಿನಲ್ಲಿ ಅಂಗಳ ದಾಟುವುದು ಕಷ್ಟ. ತಿರುಗಣಿಯಲ್ಲಿ ಕಡೆದ ಕಂಬಗಳು ಕರಿಗನ್ನಡಿಯ ಹಾಗೆ ಹೊಳೆಯುತ್ತಿದ್ದವು. ಬೇರೆ ದಿನವಾಗಿದ್ದರೆ ಅರ್ಧ ದಿನ ಅಲ್ಲೇ ಕೂತಿರುತ್ತಿದ್ದೆ. ಅಂದು ಕಂಬದ ಉಂಗುರ ಉಂಗುರವನ್ನು ನೋಡುತ್ತಿದ್ದರೂ ಮನಸ್ಸು ಆ ಹಸಿರು ಖಣದ ಸುತ್ತ ತಿರುಗುತ್ತಿತ್ತು. ಪುಷ್ಕರಿಣಿಯ ಬಳಿ ಆಡು ಮೇಯಿಸುತ್ತಿದ್ದ ಅಜ್ಜ, "ನಾಳೆ ಎಲ್ಲಿ ನೋಡಿದರೂ ಮದುವೆ. ನಾಳೆಯ ದಿನಕ್ಕೆ ಮುಹೂರ್ತ ಕೇಳುವ ಹಾಗಿಲ್ಲ ನೋಡು ಯವ್ವಾ, ಹಗಲೆಲ್ಲ ಒಳ್ಳೆಯ ಹೊತ್ತೇ" ಎಂದರು.

ನಾನು ಮರಳಿದಾಗ ಅಕ್ಕನ ಕೈಯಲ್ಲಿ ಎಲ್ಲ ವಿವರ ಇತ್ತು. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮುಖ್ಯೋಪಾಧ್ಯಾಯರು ಇಬ್ಬರನ್ನೂ ಕಂಡು ಬಂದಿದ್ದರು. ದಾಖಲಾತಿ ಪುಸ್ತಕದ ಪ್ರಕಾರ ಹುಡುಗಿಗೆ ಹದಿನಾರು ತುಂಬಲು ಇನ್ನೂ ಎರಡು ತಿಂಗಳು. ಆ ಮನೆಯ ಮುಂದೆ ಹಂದರ ಹಾಕಿರಲಿಲ್ಲ. ಸಾಮೂಹಿಕ ವಿವಾಹದಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆ ಎಂದು ನಸುಕಿನಲ್ಲಿ ಮನೆದೇವರ ಗುಡಿಯಲ್ಲಿ ಸೋದರಮಾವನಿಗೆ ಧಾರೆ ಎರೆಯುವುದು ಎಂದು ಗೊತ್ತಾಗಿತ್ತು.

ಪಿಡಿಒ ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು. ಅವರು ಪೊಲೀಸರನ್ನು ಕರೆದುಕೊಂಡು ಈಗಲೇ ಹೋಗೋಣ ಎಂದರು. ಅಕ್ಕ, "ಬೆಳಿಗ್ಗೆ ಬನ್ನಿ ಸರ್. ಇವತ್ತು ರಾತ್ರಿ ನಾನು ಹೋಗುತ್ತೇನೆ. ಜೀಪು ನಿಂತರೆ ನಾಳೆ ತಪ್ಪುತ್ತದೆ, ಅವರು ಹುಡುಗಿಯನ್ನು ಬೇರೆ ಊರಿಗೆ ಕಳುಹಿಸಿ ಮುಂದಿನ ವಾರ ಮಾಡುತ್ತಾರೆ" ಎಂದರು. ಒಂದು ವೇಳೆ ನಡುರಾತ್ರಿ ಏನಾದರೂ ನಡೆದರೆ ಎಂದು 1098 ಸಹಾಯವಾಣಿಗೆ ಕರೆ ಮಾಡಿ ತಿಳಿಸಿಯೇ ಇಟ್ಟರು.

ಏಳು ಗಂಟೆಗೆ ಹೊರಟೆವು. ಅಕ್ಕ ಖಣದ ಬಟ್ಟೆಯನ್ನು ಕತ್ತರಿಸದೆ ಹಾಗೆಯೇ ಮಡಚಿ ಹಿಡಿದಿದ್ದರು. ಟೇಪು ಕೊರಳಲ್ಲೇ ಇತ್ತು, ತೆಗೆಯುವುದನ್ನು ಮರೆತಿದ್ದರು. ಒಳಗೆ ಅರಿಶಿಣದ ವಾಸನೆ. ಬಾಗಿಲಲ್ಲಿ ಮೂವರು ಗಂಡಸರು ಮಾತು ನಿಲ್ಲಿಸಿ ಎದ್ದರು. ಅಕ್ಕ ಒಂದು ತಂಬಿಗೆ ನೀರು ಕೇಳಿ ಕುಡಿದು, ಒಲೆಯ ಮುಂದೆ ಅಜ್ಜಿಯ ಪಕ್ಕದಲ್ಲಿ ಕೂತರು. ಬಟ್ಟೆಯನ್ನು ತಾಯಿಯ ಮುಂದೆ ಇಟ್ಟು, "ಈ ಅಳತೆ ಯಾರದವ್ವಾ?" ಎಂದರು. ತಾಯಿ ತಲೆ ಎತ್ತಲಿಲ್ಲ. ಒಳಕೋಣೆಯ ಬಾಗಿಲ ಸಂದಿಯಲ್ಲಿ ಬಳೆಯ ಸದ್ದಾಯಿತು.

ಅಜ್ಜಿಯೇ ಬಾಯಿ ತೆರೆದರು. "ನಾನು ಹನ್ನೆರಡಕ್ಕೆ ಈ ಮನೆಗೆ ಬಂದವಳು. ಬದುಕಲಿಲ್ಲವೇ?"

"ಎಷ್ಟು ಹೆತ್ತೆ ಆಯೀ?"

"ಎಂಟು."

"ಎಷ್ಟು ಉಳಿದವು?"

ಅಜ್ಜಿ ಬಹಳ ಹೊತ್ತು ಒಲೆಯನ್ನು ನೋಡಿ ಮೂರು ಬೆರಳು ತೋರಿಸಿದರು. ಆಮೇಲೆ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಹುಡುಗಿಯ ತಂದೆ ದನಿ ಏರಿಸಿದ. ಸಾಲವಿದೆ, ಮಳೆಗಾಲದವರೆಗೆ ಗಂಡಹೆಂಡತಿ ಬೆಂಗಳೂರಿಗೆ ಹೋಗಲೇಬೇಕು, ಮುದುಕಿಯ ಜೊತೆ ಬೆಳೆದ ಹುಡುಗಿಯನ್ನು ಬಿಟ್ಟು ಹೋದರೆ ನಾಳೆ ಏನಾದರೂ ಆದರೆ ಯಾರು ಹೊಣೆ? "ಕಾನೂನು ಬಂದು ಕಾಯುತ್ತದೆಯೇ? ನೀವು ಕಾಯುತ್ತೀರಾ?" ಎಂದ. ಅವನ ಕಣ್ಣು ತುಂಬಿದ್ದನ್ನು ನಾನು ಕಂಡೆ. ಅಲ್ಲಿಯವರೆಗೆ ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಅಲುಗಾಡಿತು. ಭಯ ಅವನದು ಸುಳ್ಳಲ್ಲ. ಅದರ ಬೆಲೆಯನ್ನು ಮಗಳ ಕೈಯಿಂದ ಕೊಡಿಸುತ್ತಿದ್ದ.

ಅಕ್ಕ ಆಗ ಕಾನೂನಿನ ಮಾತು ಆಡಿದರು, ಮೆಲ್ಲಗೆ. ಕರ್ನಾಟಕದಲ್ಲಿ ಹದಿನೆಂಟು ತುಂಬದ ಹುಡುಗಿಯ ಮದುವೆ ಮದುವೆಯೇ ಅಲ್ಲ, ಮೊದಲಿನಿಂದಲೇ ಅನೂರ್ಜಿತ. ಮಾಡಿಸಿದವರು, ಬಂದು ಅಕ್ಕಿಕಾಳು ಹಾಕಿದವರು ಎಲ್ಲರ ಮೇಲೂ ದೂರು ದಾಖಲಾಗುತ್ತದೆ. ನಂತರ ಪುಸ್ತಕ ತೆರೆದು ಬಲಪುಟದಲ್ಲಿ ಬರೆಯುತ್ತಾ ಹೋದರು. ಕಾಲೇಜು ಸೇರಿದರೆ ಸರ್ಕಾರಿ ವಿದ್ಯಾರ್ಥಿನಿಲಯಕ್ಕೆ ಅರ್ಜಿ. ತಾಯಿಯ ಹೆಸರಿನಲ್ಲಿ ಉದ್ಯೋಗ ಚೀಟಿ, ಕೆರೆ ಕೆಲಸಕ್ಕೆ ಸೋಮವಾರದಿಂದ. ತಂದೆ ಬೆಂಗಳೂರಿಗೆ ಹೋದರೂ ತಾಯಿ ಊರಿನಲ್ಲಿರಲಿ. "ನೀವು ಬರುವವರೆಗೆ ಹುಡುಗಿ ಸಂಜೆ ನನ್ನ ಯಂತ್ರದ ಹತ್ತಿರ ಕೂರಲಿ, ಕಾಜಾ ಹಾಕುವುದು ಕಲಿಯಲಿ. ನಾನು ಕಾಯುತ್ತೇನೆ."

ಗಂಡಸರಲ್ಲಿ ಒಬ್ಬ, "ನಮ್ಮ ಓಣಿಯಲ್ಲಿ ನಮ್ಮವು ನಲವತ್ತು ಓಟು ಇವೆ, ನೆನಪಿರಲಿ ಅಧ್ಯಕ್ಷರೇ" ಎಂದ.

"ನಾನು ಗೆದ್ದದ್ದು ಹದಿನೇಳು ಓಟಿನಿಂದ. ನೆನಪಿದೆ ಅಣ್ಣಾ" ಎಂದರು ಅಕ್ಕ.

ಹನ್ನೊಂದಾಯಿತು, ಹನ್ನೆರಡಾಯಿತು. ಅಕ್ಕ ಏಳಲಿಲ್ಲ. ಅಜ್ಜಿಯ ಪಕ್ಕದಲ್ಲೇ ಗೋಡೆಗೆ ಒರಗಿದರು. ನಾನೂ ಅಲ್ಲೇ ಕೂತೆ. ಬೆಳಗಿನ ಜಾವ ತೂಕಡಿಸಿ ಎಚ್ಚರಾದಾಗ ಹುಡುಗಿ ಒಳಗಿನಿಂದ ಬಂದು ಅಜ್ಜಿಗೂ ಅಕ್ಕನಿಗೂ ನಡುವೆ ಮಲಗಿ ನಿದ್ದೆ ಹೋಗಿದ್ದಳು. ಕೆನ್ನೆಯ ಮೇಲೆ ಒಣಗಿದ ಅರಿಶಿಣ, ಅಂಗೈಯಲ್ಲಿ ಮಡಚಿದ ಕರ್ಚೀಫು.

ನಾಲ್ಕನೆಯ ದಿನ, ಬುಧವಾರ

ಏಳು ಗಂಟೆಗೆ ಪಿಡಿಒ, ಅಂಗನವಾಡಿ ಕಾರ್ಯಕರ್ತೆ, ಬೀಟ್ ಪೊಲೀಸ್ ಬಂದರು. ತಂದೆತಾಯಿ ಮುಚ್ಚಳಿಕೆ ಬರೆದುಕೊಟ್ಟರು, ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು. ತಂದೆ ಸಹಿ ಹಾಕಿ, ಅಕ್ಕನ ಮುಖ ನೋಡದೆ ಹೊಲದ ಕಡೆ ನಡೆದ. ತಾಯಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಕಂಬಕ್ಕೆ ಒರೆಸಿ, ಎಲ್ಲರಿಗೂ ಚಹಾ ಮಾಡಿದಳು.

ಅಕ್ಕ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಇಳಕಲ್ ಸೀರೆ ಉಟ್ಟು, ಒಂಬತ್ತಕ್ಕೆ ಬಸವ ಜಯಂತಿಗೆ ಪಂಚಾಯಿತಿಯಲ್ಲಿದ್ದರು. ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಸರ್ಕಾರ 2024ರಲ್ಲಿ ಘೋಷಿಸಿದ ಮೇಲೆ ಎಲ್ಲ ಕಚೇರಿಗಳಲ್ಲೂ ಭಾವಚಿತ್ರವಿದೆ. ಮಾಲೆ ಹಾಕಿದರು, ಮಕ್ಕಳು ವಚನ ಹೇಳಿದರು. ಮೆರವಣಿಗೆಯಲ್ಲಿ ಎತ್ತುಗಳಿಗೆ ಜೂಲ, ಕೊಂಬಿಗೆ ರಿಬ್ಬನ್, ಕೊರಳಿಗೆ ಗೆಜ್ಜೆ. ಬಿಸಿಲಿಗೆ ಎತ್ತುಗಳ ಮೈ ಮಿಂಚುತ್ತಿತ್ತು. ಮಧ್ಯಾಹ್ನ ಪಕ್ಕದ ಊರಿನ ಸಾಮೂಹಿಕ ವಿವಾಹದಲ್ಲಿ ಅಕ್ಕಿಕಾಳು ಹಾಕಿ, ಮಾದಲಿ ಉಂಡೆವು. ತುಪ್ಪ ಮತ್ತು ಹಾಲು ಎರಡನ್ನೂ ಹಾಕಿಸಿಕೊಳ್ಳಬೇಕು, ಒಂದನ್ನೇ ಹಾಕಿಸಿಕೊಂಡರೆ ಬಡಿಸುವವರು ಬಿಡುವುದಿಲ್ಲ. ಅಲ್ಲಿ ನೆರೆದಿದ್ದ ಹತ್ತಾರು ಜನ ಅಕ್ಕನ ಹತ್ತಿರ ಬಂದು ಮಾತನಾಡಿಸಿದರು. ಕೆಳಗಿನ ಓಣಿಯ ನಲವತ್ತು ಓಟಿನ ಮನೆತನದವರು ಮಾತ್ರ ಇನ್ನೊಂದು ಪಂಕ್ತಿಯಲ್ಲಿ ಕೂತರು. ಅಕ್ಕ ಅದನ್ನು ನೋಡಿದರು. ಬೇಸರವಾಯಿತೇ ಎಂದು ಕೇಳಿದೆ. "ಆಗದೆ ಇರುತ್ತದೆಯೇ? ಅವರ ಮನೆಯ ಅಷ್ಟೂ ಹೆಂಗಸರ ಅಳತೆ ನನಗೆ ಬಾಯಿಪಾಠ" ಎಂದರು.

ಸಂಜೆ ಐದರ ಬಸ್ಸಿಗೆ ಕ್ರಾಸಿನವರೆಗೆ ಬಂದು ನಿಂತರು. ನನ್ನ ಚೀಲಕ್ಕೆ ಹತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ತುರುಕಿದರು. ಈ ಸಲ ಆಧಾರ್ ಕಾರ್ಡು ಕೈಯಲ್ಲೇ ಇತ್ತು.

ಮರಳಿದ ಮೇಲೆ

ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಸಂಜೆಯವರೆಗೆ ತಡೆದುಕೊಂಡು ಅಕ್ಕನಿಗೆ ಫೋನು ಮಾಡಿದೆ. ಹುಡುಗಿ ಗಣಿತದಲ್ಲಿ ಹೋಗಿದ್ದಳು. ಉಳಿದ ಎಲ್ಲ ವಿಷಯಗಳಲ್ಲಿ ಪಾಸು. ತಂದೆ ಮತ್ತೆ ಕೂಗಾಡಿದ್ದಾನೆ, ಓದಿ ಏನು ಕಡಿದಳು ಎಂದಿದ್ದಾನೆ. ಅಕ್ಕ ಎರಡನೆಯ ಪರೀಕ್ಷೆಗೆ ಮುಖ್ಯೋಪಾಧ್ಯಾಯರ ಕೈಯಿಂದ ಹೆಸರು ನೋಂದಾಯಿಸಿ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ದಿನಾ ಸಂಜೆ ಲೆಕ್ಕ ಹೇಳಿಕೊಡಲು ಒಬ್ಬ ನಿವೃತ್ತ ಮಾಸ್ತರರನ್ನು ಒಪ್ಪಿಸಿದ್ದಾರೆ. ಅದೇ ಊರಿನ ಇನ್ನೂ ಆರು ಮಕ್ಕಳು ಗಣಿತದಲ್ಲೇ ಹೋಗಿದ್ದರು, ಅವರೂ ಬರುತ್ತಾರೆ. ತಾಯಿ ಸೋಮವಾರದಿಂದ ಕೆರೆ ಕೆಲಸಕ್ಕೆ ಬರುತ್ತಾಳೆ.

"ಆ ಖಣ?" ಎಂದೆ.

"ಅವಳ ತಾಯಿಗೆ ತೆಗೆದುಕೊಂಡು ಹೋಗು ಎಂದರೆ, ನಿಮ್ಮಲ್ಲೇ ಇರಲಿ ಅಕ್ಕಾ, ಮನೆಯಲ್ಲಿದ್ದರೆ ಇವರ ಕಣ್ಣಿಗೆ ಬೀಳುತ್ತದೆ ಎಂದಳು. ಟ್ರಂಕಿನಲ್ಲಿ ಹಾಕಿದ್ದೇನೆ. ಇರು ತಂಗೀ, ಕೆಳಗಿನ ಓಣಿಯ ಮೋಟಾರು ಸುಟ್ಟಿದೆಯಂತೆ, ವಾಟರ್‌ಮನ್ ಕರೆಯುತ್ತಿದ್ದಾನೆ" ಎಂದು ಫೋನು ಇಟ್ಟರು.